ಹುಣ್ಣಿಮೆ ಚಂದ್ರ ಭೂಮಿಯ ಬಾಲದೊಳಗೆ

ಎರಡು ವಾರದ ಹಿಂದೆ ಈ ಪುಟದಲ್ಲಿ ದಿಕ್ಸೂಚಿಯ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಬ್ಯಾಡಗಿಯ ಹುಡುಗಿಯೊಬ್ಬಳು, ಏಳನೇ ಇಯತ್ತೆಯವಳು, ಪೋಸ್ಟ್ ಕಾರ್ಡಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದಾಳೆ. “ಅಜ್ಜಾರ, ಭೂಮಿ ಒಂದು ದೊಡ್ಡ ಅಯಸ್ಕಾಂತ ಅಂತ ಬರದೀರಿ. ಹಂಗಾರ ಅದರ ಸೆಳೆತ ಎಲ್ಲೀತನಕ ಐತಿ? ಚಂದ್ರಗ ಮುಟ್ಟತೈತೇನು?”

ಮುಟ್ಟುತ್ತದೆ ಮಗಳೇ. ಆದರೆ ದಿನಾಲೂ ಅಲ್ಲ, ತಿಂಗಳಿಗೆ ಐದಾರು ದಿನ ಮಾತ್ರ. ಆ ಐದಾರು ದಿನ ಯಾವುವು ಎಂದರೆ ಹುಣ್ಣಿಮೆಯ ಆಚೆ ಈಚೆ. ಕಾರಹುಣ್ಣಿಮೆಗೆ ಎತ್ತುಗಳಿಂದ ಕರಿ ಹರಿಸಿ ಮನೆಗೆ ಬಂದಾಗ, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಿ ಬಂದಾಗ, ಹೋಳಿ ಹುಣ್ಣಿಮೆಗೆ ನಮ್ಮ ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಕಾಮರನ್ನು ನಗಿಸಲು ಜನ ಸರ್ಕಸ್ ಮಾಡುತ್ತಿರುವಾಗ, ತಲೆಯ ಮೇಲೆ ಇರುವ ತುಂಬು ಚಂದ್ರ ಭೂಮಿಯ ಬಾಲದೊಳಗೆ ಇರುತ್ತಾನೆ.

ಭೂಮಿಗೆ ಬಾಲ ಉಂಟೇ ಎಂದು ಮನೆಯ ಹಿರಿಯರು ಕೇಳಿದರೆ ಅವರಿಗೂ ಇದನ್ನು ಓದಿ ಹೇಳಿ.

ಸೂರ್ಯನಿಂದ ಬರುವುದು ಬೆಳಕು, ಬಿಸಿ ಮಾತ್ರವಲ್ಲ. ವಿದ್ಯುದಾವೇಶ ಇರುವ ಸೂಕ್ಷ್ಮ ಕಣಗಳ ಗಾಳಿಯೊಂದು ಸದಾ ಬೀಸುತ್ತಲೇ ಇರುತ್ತದೆ. ಅದಕ್ಕೆ ಸೌರಮಾರುತ ಎಂದು ಹೆಸರು. ಸಾಧಾರಣ ದಿನದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ನೀವು “ಒಂದು” ಎಂದು ಎಣಿಸುವುದರೊಳಗೆ ಹಾವೇರಿಯಿಂದ ಬೆಂಗಳೂರು ದಾಟಿ ಮುಂದೆ ಹೋಗಿರುತ್ತದೆ. ಹಾಗಿದ್ದರೂ ಸೂರ್ಯನಿಂದ ನಮ್ಮ ತನಕ ಬರಲು ಅದಕ್ಕೆ ನಾಲ್ಕು ದಿನದ ಮೇಲೆ ಬೇಕು. 15 ಕೋಟಿಯನ್ನು 400ರಿಂದ ಭಾಗಿಸಿ ನೋಡಿ.

ಈ ಗಾಳಿ ಭೂಮಿಯ ಕಾಂತಕ್ಷೇತ್ರಕ್ಕೆ ಬಂದು ಬಡಿಯುತ್ತದೆ. ರಾಣೆಬೆನ್ನೂರಿನಿಂದ ಹರಿಹರಕ್ಕೆ ಹೋಗುವಾಗ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದ್ದೀರಾ? ಮಳೆಗಾಲದ ಹೊಳೆ ಕಂಬಕ್ಕೆ ಬಡಿದು ಎರಡು ಕಡೆ ಸೀಳಿಕೊಂಡು ಹೋಗುತ್ತದೆ. ಕಂಬದ ಮುಂದೆ ನೀರು ಒತ್ತಿಕೊಂಡಿರುತ್ತದೆ, ಹಿಂದೆ ಉದ್ದಕ್ಕೆ ಒಂದು ಬೇರೆಯೇ ಪಟ್ಟಿ ಕಾಣುತ್ತದೆ. ಭೂಮಿಗೂ ಹಾಗೆಯೇ. ಸೂರ್ಯನ ಕಡೆಯ ಕಾಂತಕ್ಷೇತ್ರ ಒತ್ತಿಸಿಕೊಂಡು ಸುಮಾರು 60-65 ಸಾವಿರ ಕಿ.ಮೀ.ಗೆ ನಿಲ್ಲುತ್ತದೆ. ಅಂದರೆ ಸೂರ್ಯನ ಕಡೆಯಿಂದ ಅದು ಚಂದ್ರನಿರುವ ದೂರಕ್ಕೆ ಮುಟ್ಟುವುದೇ ಇಲ್ಲ. ರಾತ್ರಿಯ ಕಡೆಯಲ್ಲಿ ಮಾತ್ರ ಅದು ಎಳೆದಂತಾಗಿ, ಚಂದ್ರನಿಗಿಂತಲೂ ಎಷ್ಟೋ ದೂರ, ಹತ್ತು ಲಕ್ಷ ಕಿ.ಮೀ.ಗೂ ಆಚೆಗೆ ಹಬ್ಬಿದೆ. ಇದೇ ಭೂಮಿಯ ಕಾಂತಬಾಲ. ಹುಣ್ಣಿಮೆಯ ದಿನ ಸೂರ್ಯ ಒಂದು ಕಡೆ, ನಡುವೆ ನಾವು, ನಮ್ಮ ಹಿಂದೆ ಚಂದ್ರ. ಹಾಗಾಗಿ ಅವನು ಬಾಲದೊಳಗೆ ಬರಲೇಬೇಕು.

“ಹಾಗಿದ್ದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಏಕೆ ಆಗುವುದಿಲ್ಲ?” ಎಂದು ಕೇಳುವ ಚುರುಕು ಮಕ್ಕಳು ಇದ್ದೇ ಇರುತ್ತಾರೆ. ಗ್ರಹಣ ಆಗುವುದು ಭೂಮಿಯ ನೆರಳಿನಿಂದ. ಚಂದ್ರನಿರುವ ದೂರದಲ್ಲಿ ಆ ಕಡುನೆರಳಿನ ಅಗಲ ಸುಮಾರು 9,000 ಕಿ.ಮೀ. ಮಾತ್ರ. ಚಂದ್ರ ಅದರ ಮೇಲಿನಿಂದಲೋ ಕೆಳಗಿನಿಂದಲೋ ತಪ್ಪಿಸಿಕೊಂಡು ಹೋಗುವುದೇ ಹೆಚ್ಚು. ಕಾಂತಬಾಲದ ಅಗಲವೋ ಮೂರು-ನಾಲ್ಕು ಲಕ್ಷ ಕಿ.ಮೀ. ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಚಂದ್ರ ದಿನಕ್ಕೆ ಹತ್ತಿರ ಹತ್ತಿರ 82 ಸಾವಿರ ಕಿ.ಮೀ. ಬಾಲಕ್ಕೆ ಅಡ್ಡವಾಗಿ ಸಾಗುತ್ತಾನೆ. ಲೆಕ್ಕ ಹಾಕಿದರೆ ನಾಲ್ಕೈದು ದಿನ ಬರುತ್ತದೆ, ಅಂಚಿನ ಗದ್ದಲ ಸೇರಿಸಿದರೆ ಆರು.

ಇದನ್ನು ನಮ್ಮದೇ ಉಪಕರಣಗಳು ಅಲ್ಲಿ ಹೋಗಿ ಅಳೆದಿವೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ಸಂಪರ್ಕ ಕಳೆದುಕೊಂಡಿದ್ದು ನಿಮಗೆ ನೆನಪಿರಬಹುದು, ಇಲ್ಲವೇ ಅಪ್ಪ-ಅಮ್ಮನಿಗೆ ನೆನಪಿರುತ್ತದೆ. ಇಡೀ ದೇಶ ಸಪ್ಪಗೆ ಕೂತಿತ್ತು. ಆದರೆ ಮೇಲೆ ಸುತ್ತುತ್ತಿದ್ದ ಆರ್ಬಿಟರ್ ತನ್ನ ಕೆಲಸ ನಿಲ್ಲಿಸಲಿಲ್ಲ. ಅದರಲ್ಲಿ ‘ಕ್ಲಾಸ್’ ಎಂಬ ಎಕ್ಸ್-ರೇ ಉಪಕರಣ ಇದೆ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದದ್ದು. ಚಂದ್ರನ ಮಣ್ಣಿನಲ್ಲಿ ಏನೇನಿದೆ ಎಂದು ತಿಳಿಯುವುದು ಅದರ ಕೆಲಸ. ಅದೇ ತಿಂಗಳು ಚಂದ್ರ ಭೂಮಿಯ ಬಾಲವನ್ನು ಹಾಯುವಾಗ, ಆವೇಶದ ಕಣಗಳು ಹೆಚ್ಚು-ಕಡಿಮೆ ಆಗುತ್ತಿದ್ದುದನ್ನು ಅದು ದಾಖಲಿಸಿತು. ಸುದ್ದಿಗೆ ಅದು ದೊಡ್ಡದಾಗಲಿಲ್ಲ. ಎಲ್ಲರ ಗಮನ ಬಿದ್ದ ವಿಕ್ರಮನ ಮೇಲಿತ್ತು.

ಇನ್ನೊಂದು ಮಾತು. 2023ರ ಆಗಸ್ಟ್ 23ಕ್ಕೆ ಇಳಿದ ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಕೆಲಸ ಮಾಡಿದವು. ಆ ಸಲದ ನೂಲು ಹುಣ್ಣಿಮೆ ಆಗಸ್ಟ್ 30-31ಕ್ಕೆ ಬಂದಿತ್ತು. ಅಂದರೆ ಪ್ರಜ್ಞಾನ್ ಬಂಡಿ ಚಂದ್ರನ ಮಣ್ಣಿನ ಮೇಲೆ ಓಡಾಡುತ್ತಿದ್ದ ಕೊನೆಯ ದಿನಗಳಲ್ಲಿ ಅದು ಭೂಮಿಯ ಬಾಲದೊಳಗೇ ಇತ್ತು. ಅದರ ಮಾತನ್ನು ಕೇಳಿಸಿಕೊಳ್ಳುತ್ತಿದ್ದ 32 ಮೀಟರ್ ಅಗಲದ ದೊಡ್ಡ ಬಟ್ಟಲು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿದೆ. ಬ್ಯಾಡಗಿ ಅಲ್ಲ, ಬ್ಯಾಲಾಳು.

ಈಗ ಬಾಲದ ಒಳಗೆ ಹೋಗೋಣ. ನಾನು ಹೇಳಬೇಕೆಂದಿರುವ ವಿಷಯ ಇರುವುದು ಅಲ್ಲಿ.

ನಮ್ಮೂರಿನಿಂದ ಮೋಟೆಬೆನ್ನೂರು ದಾಟಿ ಹಾವೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಿಮಗೆ ಗೊತ್ತಿದೆ. ಒಂದು ಮಗ್ಗುಲಿನಲ್ಲಿ ಹುಬ್ಬಳ್ಳಿ ಕಡೆ ಹೋಗುವ ಲಾರಿಗಳು, ಇನ್ನೊಂದು ಮಗ್ಗುಲಿನಲ್ಲಿ ದಾವಣಗೆರೆ ಕಡೆ ಹೋಗುವವು, ನಡುವೆ ಕಣಗಿಲೆ ಗಿಡ ನೆಟ್ಟ ಡಿವೈಡರ್. ಭೂಮಿಯ ಬಾಲವೂ ಹೀಗೇ ಎರಡು ಪಾಲು. ಮೇಲಿನ ಅರ್ಧದಲ್ಲಿ ಕಾಂತರೇಖೆಗಳು ಭೂಮಿಯ ಕಡೆಗೆ ಬರುತ್ತವೆ, ಕೆಳಗಿನ ಅರ್ಧದಲ್ಲಿ ಭೂಮಿಯಿಂದ ದೂರ ಹೋಗುತ್ತವೆ. ಎದುರು-ಬದುರು ದಿಕ್ಕಿನ ಈ ಎರಡರ ನಡುವೆ ಒಂದು ಡಿವೈಡರ್ ಬೇಕಲ್ಲ? ಅಲ್ಲಿ ಒಂದು ವಿದ್ಯುತ್ ಪ್ರವಾಹ ಹಾಳೆಯ ಹಾಗೆ ಹರಡಿಕೊಂಡು, ಬಾಲದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಡ್ಡ ಹರಿಯುತ್ತದೆ. ಇದನ್ನು ವಿದ್ಯುತ್ ಹಾಳೆ ಎನ್ನೋಣ. 1963ರ ನವೆಂಬರಿನಲ್ಲಿ ಹಾರಿದ ಐಎಂಪಿ-1 ಎಂಬ ಅಮೆರಿಕದ ಉಪಗ್ರಹದ ಅಳತೆಗಳಿಂದ ನಾರ್ಮನ್ ನೆಸ್ ಎಂಬ ವಿಜ್ಞಾನಿ ಈ ಬಾಲವನ್ನೂ ಅದರ ನಡುವಿನ ಹಾಳೆಯನ್ನೂ 1965ರಲ್ಲಿ ತೋರಿಸಿಕೊಟ್ಟರು.

ಇಷ್ಟು ಹೇಳುವಾಗ ನಮ್ಮ ಓಣಿಯ ಐದನೇ ಇಯತ್ತೆಯ ಪುಣ್ಯಾತ್ಮನೊಬ್ಬ ಪಕ್ಕದಲ್ಲೇ ಇದ್ದ. “ಅಲ್ಲೋ ಅಜ್ಜಾ, ನಡಕ ಕರೆಂಟ್ ಹರಿತಿದ್ರ ಚಂದ್ರಗ ಶಾಕ್ ಹೊಡಿಯಂಗಿಲ್ಲೇನು?” ಎಂದ.

ಹೊಡೆಯುವುದಿಲ್ಲ. ಬಾಲದ ಉದ್ದಕ್ಕೆ ಪ್ರತಿ ಒಂದು ಕಿ.ಮೀ.ಗೆ ಅಂದಾಜು 30 ಆಂಪಿಯರ್ ಹರಿಯುತ್ತದೆ. ಬಾಲ ಉದ್ದ ಇರುವುದರಿಂದ ಎಲ್ಲ ಕೂಡಿಸಿದರೆ ಹತ್ತಾರು ಲಕ್ಷ ಆಂಪಿಯರ್ ಆಗುತ್ತದೆ. ಮೊತ್ತ ನೋಡಿ ಹೆದರಬೇಡಿ. ಬ್ಯಾಂಕಿನಲ್ಲಿದ್ದವನಾದ್ದರಿಂದ ನನಗೆ ಇದು ಅಭ್ಯಾಸ: ಮೊತ್ತ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಜನರ ನಡುವೆ ಹಂಚಿದೆ ಎಂದೂ ನೋಡಬೇಕು. ಅಲ್ಲಿ ಲೀಟರ್ ತಂಬಿಗೆಯಷ್ಟು ಜಾಗ ಹಿಡಿದರೆ ಒಳಗೆ ಕೆಲವು ನೂರು ಕಣ ಸಿಕ್ಕರೆ ಹೆಚ್ಚು. ಹಾಳೆ ಚೆನ್ನಾಗಿ ತೆಳುವಾಗಿ ಪ್ರವಾಹ ಒತ್ತಾಗಿರುವಾಗಲೂ ಒಂದು ಚದರ ಕಿ.ಮೀ. ಅಗಲದ ಕಿಂಡಿಯಲ್ಲಿ ಹರಿಯುವುದು ಆಂಪಿಯರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ, ಒಂದು ಪುಟಾಣಿ ಎಲ್‌ಇಡಿ ಮಿಣುಕುವಷ್ಟು.

ಶಾಕ್ ಇಲ್ಲದಿದ್ದರೂ ಬಾಲ ಚಂದ್ರನಿಗೆ ಬೇರೆ ಏನನ್ನೋ ಕೊಡುತ್ತಿರಬಹುದು. 2008ರಲ್ಲಿ ಹೋದ ನಮ್ಮ ಚಂದ್ರಯಾನ-1ರ ಮೇಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನಲ್ಲಿ ನೀರಿನ ಗುರುತು ಕಂಡಿತೆಂದು 2009ರಲ್ಲಿ ಎಲ್ಲರೂ ಓದಿದೆವು. ಸೌರಮಾರುತದ ಹೈಡ್ರೋಜನ್ ಚಂದ್ರನ ಮಣ್ಣಿನ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ ಎಂಬುದು ಒಂದು ವಿವರಣೆ. ಹುಣ್ಣಿಮೆಯ ದಿನಗಳಲ್ಲಿ ಚಂದ್ರ ಬಾಲದ ಮರೆಗೆ ಬರುವುದರಿಂದ ಸೌರಮಾರುತ ಅವನಿಗೆ ತಾಕುವುದೇ ಕಡಿಮೆ. ಹಾಗಾದರೆ ನೀರಾಗುವುದು ನಿಲ್ಲಬೇಕಿತ್ತು. ಹವಾಯಿಯ ವಿಜ್ಞಾನಿಗಳು ಅದೇ ಚಂದ್ರಯಾನ-1ರ ಹಳೆಯ ದತ್ತಾಂಶವನ್ನು ಮತ್ತೆ ತೆರೆದು ನೋಡಿ, ಬಾಲದೊಳಗೂ ಹೆಚ್ಚುಕಡಿಮೆ ಅಷ್ಟೇ ನೀರಾಗುತ್ತಿರುವಂತೆ ಕಾಣುತ್ತದೆ ಎಂದು 2023ರಲ್ಲಿ ಪ್ರಕಟಿಸಿದರು. ಬಾಲದ ನಡುವಿನ ಹಾಳೆಯ ಸುತ್ತ ಇರುವ ಎಲೆಕ್ಟ್ರಾನ್‌ಗಳ ಕೈವಾಡ ಇರಬಹುದು ಎಂಬುದು ಅವರ ಊಹೆ. ಹಳೆಯ ಲೆಡ್ಜರುಗಳನ್ನು ರದ್ದಿಗೆ ಹಾಕಬಾರದು ಎಂದು ನಾನು ಬ್ರಾಂಚಿನಲ್ಲಿ ಹೇಳುತ್ತಿದ್ದುದು ಇದಕ್ಕೇ.

ಇನ್ನು ಹಾಳೆ ತೆಳುವಾಗುವ ಕಥೆ.

ಸೌರಮಾರುತ ತನ್ನ ಜೊತೆಗೆ ಸೂರ್ಯನ ಕಾಂತಕ್ಷೇತ್ರದ ಚೂರನ್ನೂ ಹೊತ್ತು ತರುತ್ತದೆ. ಅದರ ದಿಕ್ಕು ಒಮ್ಮೆ ಉತ್ತರ, ಒಮ್ಮೆ ದಕ್ಷಿಣ, ಹೇಳಲಾಗದು. ಅದು ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಕ್ಷೇತ್ರದ ಬಾಗಿಲು ತೆರೆದಂತಾಗುತ್ತದೆ ಎಂದು ಜೇಮ್ಸ್ ಡಂಜಿ ಎಂಬ ಇಂಗ್ಲೆಂಡಿನ ವಿಜ್ಞಾನಿ 1961ರಲ್ಲಿ ಹೇಳಿದರು. ಮುಂದಿನ ಕಡೆಯ ಕಾಂತರೇಖೆಗಳನ್ನು ಸೌರಮಾರುತ ಎಳೆದುಕೊಂಡು ಹೋಗಿ ಹಿಂದಿನ ಬಾಲದಲ್ಲಿ ಜಮಾ ಮಾಡುತ್ತದೆ. ದಿನಾ ಪಿಗ್ಮಿ ಕಟ್ಟಿದ ಹಾಗೆ ಸ್ವಲ್ಪ ಸ್ವಲ್ಪವಾಗಿ, ಸುಮಾರು ಒಂದು ಗಂಟೆಯ ತನಕ ಜಮಾ ಆಗುತ್ತಲೇ ಹೋಗುತ್ತದೆ. ಬಾಲದ ಎರಡೂ ಪಾಲು ಉಬ್ಬಿ ನಡುವಿನ ಹಾಳೆಯನ್ನು ಮೇಲಿಂದ ಕೆಳಗಿಂದ ಒತ್ತುತ್ತವೆ. ಸಾವಿರಾರು ಕಿ.ಮೀ. ದಪ್ಪವಿದ್ದ ಹಾಳೆ ತೆಳುವಾಗುತ್ತಾ ಹೋಗಿ ಕೆಲವು ನೂರು ಕಿ.ಮೀ.ಗೆ ಇಳಿಯುತ್ತದೆ.

ಕೆಲವು ನೂರು ಕಿ.ಮೀ. ತೆಳುವೇ ಎಂದು ನಗಬೇಡಿ. ಹೋಲಿಸಿ ನೋಡಿ: ಬಾಲದ ಅಗಲ ಮೂರು-ನಾಲ್ಕು ಲಕ್ಷ ಕಿ.ಮೀ. ಹಾಳೆ ಮುನ್ನೂರು-ನಾನ್ನೂರು. ಸಾವಿರ ಪುಟದ ಲೆಡ್ಜರಿನಲ್ಲಿ ನಡುವಿನ ಒಂದೇ ಒಂದು ಹಾಳೆ. ಇಡೀ ಲೆಡ್ಜರಿನ ಭಾರ ಆ ಒಂದು ಹಾಳೆಯ ಮೇಲೆ.

ಪ್ರವಾಹದ ಮೊತ್ತವಾದರೂ ಕಡಿಮೆ ಆಗಿರುವುದಿಲ್ಲ, ಜಾಗ ಮಾತ್ರ ಕಡಿಮೆ ಆಗಿರುತ್ತದೆ. ತಿಂಗಳ ಮೊದಲ ತಾರೀಖು ಪಿಂಚಣಿಗೆ ಬಂದವರಷ್ಟೇ ಜನ, ನಾಲ್ಕು ಕೌಂಟರ್‌ನಲ್ಲಿ ಮೂರು ಬಂದ್ ಮಾಡಿದರೆ ಏನಾಗುತ್ತದೆ? ಅದೇ ಅಲ್ಲಿ ಆಗುವುದು. ಆದರೆ ಇಷ್ಟೇ ಆಗಿದ್ದರೆ ನೂಕುನುಗ್ಗಲು ಮಾತ್ರ ಆಗುತ್ತಿತ್ತು, ಗೋಡೆ ಒಡೆಯುತ್ತಿರಲಿಲ್ಲ. ಗೋಡೆ ಒಡೆಯಲು ಕಾರಣ ಬೇರೆ. ಅದನ್ನು ಹೇಳಲು ನಾನು ಕಣಕ್ಕೆ ಹೋಗಬೇಕು.

ಈಗಿನ ಮಕ್ಕಳು ಹಂತಿ ಹೊಡೆಯುವುದನ್ನು ನೋಡಿರುವುದು ಅನುಮಾನ. ಕಣದ ನಡುವೆ ಮೇಟಿ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಗಳ ಮೇಲೆ ಸುತ್ತು ಹೊಡೆಸುತ್ತಿದ್ದರು. ಎತ್ತು ಮೇಟಿಯ ಸುತ್ತಲೇ ತಿರುಗಬೇಕು, ಹಗ್ಗ ಬಿಡುವುದಿಲ್ಲ. ಕಾಂತಕ್ಷೇತ್ರದಲ್ಲಿ ಆವೇಶದ ಕಣವೂ ಹೀಗೇ, ಕಾಂತರೇಖೆಯನ್ನು ಮೇಟಿ ಮಾಡಿಕೊಂಡು ಸುತ್ತುತ್ತದೆ. ಬಾಲದ ನಡುವೆ ಪ್ರೋಟಾನಿನಂಥ ಭಾರದ ಕಣ ಹೊಡೆಯುವ ಸುತ್ತಿನ ಅಳತೆ ಕೆಲವು ನೂರು ಕಿ.ಮೀ. ಹಾಳೆ ದಪ್ಪವಿರುವಾಗ ಕಣ ತನ್ನ ಸುತ್ತನ್ನು ಸಲೀಸಾಗಿ ಮುಗಿಸುತ್ತದೆ. ಹಾಳೆಯೇ ಆ ಸುತ್ತಿನಷ್ಟು ತೆಳುವಾದರೆ? ಕಣ ಅರ್ಧ ಸುತ್ತು ಬರುವುದರೊಳಗೆ ಕಾಂತಕ್ಷೇತ್ರದ ದಿಕ್ಕೇ ಉಲ್ಟಾ. ಎಡಕ್ಕೆ ತಿರುಗುತ್ತಿದ್ದ ಎತ್ತಿಗೆ ನಡುವೆಯೇ ಬಲಕ್ಕೆ ತಿರುಗು ಎಂದಂತೆ. ಅದು ಮೇಟಿ ಬಿಟ್ಟು ಹಾವಿನ ಹಾಗೆ ಅಂಕುಡೊಂಕಾಗಿ ಹಾಳೆಯ ಉದ್ದಕ್ಕೆ ಓಡುತ್ತದೆ. ಇನ್ನೂ ತೆಳುವಾಗಿ ಹತ್ತಾರು ಕಿ.ಮೀ.ಗೆ, ಅಂದರೆ ಹಾವೇರಿಯಿಂದ ರಾಣೆಬೆನ್ನೂರಿನಷ್ಟಕ್ಕೆ ಇಳಿದಲ್ಲಿ ಹಗುರಾದ ಎಲೆಕ್ಟ್ರಾನುಗಳೂ ಮೇಟಿ ಬಿಡುತ್ತವೆ. ಕಾಂತರೇಖೆಗಳನ್ನು ಬೇರೆ ಬೇರೆಯಾಗಿ ಹಿಡಿದಿಟ್ಟಿದ್ದವರೇ ಕೈಬಿಟ್ಟ ಮೇಲೆ ಡಿವೈಡರ್ ಎಲ್ಲಿ ಉಳಿಯಿತು?

ಆಗ ಮೇಲಿನ ರೇಖೆ ಕೆಳಗಿನ ರೇಖೆಯ ಜೊತೆ ಕತ್ತರಿಸಿಕೊಂಡು ಹೊಸದಾಗಿ ಕೂಡಿಕೊಳ್ಳುತ್ತದೆ. ಮರುಜೋಡಣೆ ಎಂದು ಕರೆಯಬಹುದು. ಕಾಂತರೇಖೆ ಎಂಬುದು ನಾವು ಕಾಗದದ ಮೇಲೆ ಬರೆಯುವ ಗೆರೆಯೇ ಹೊರತು ಕಣ್ಣಿಗೆ ಕಾಣುವ ದಾರವಲ್ಲ, ಆದರೂ ಅದು ಎಳೆದ ರಬ್ಬರಿನ ಹಾಗೆ ನಡೆದುಕೊಳ್ಳುತ್ತದೆ. ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಎಳೆದು ಕಿತ್ತುಹೋದರೆ ಬೆರಳಿಗೆ ಚುರುಕ್ ಎನ್ನುತ್ತದಲ್ಲ, ಹಾಗೆ. ಭೂಮಿಯ ಕಡೆಯ ತುಂಡು ಭೂಮಿಯ ಕಡೆಗೆ ಚಿಮ್ಮುತ್ತದೆ, ಆಚೆಯ ತುಂಡು ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ. ಒಂದು ಗಂಟೆ ಕೂಡಿಟ್ಟ ಜಮೆ ಕೆಲವೇ ನಿಮಿಷದಲ್ಲಿ ಖರ್ಚಾಗತೊಡಗುತ್ತದೆ. ಮಧ್ಯಮ ಗಾತ್ರದ ಇಂಥ ಒಂದು ಕಿರುಬಿರುಗಾಳಿಯಲ್ಲಿ ಬಿಡುಗಡೆಯಾಗುವ ಶಕ್ತಿಯನ್ನು ಕರೆಂಟ್ ಬಿಲ್ಲಿನ ಯೂನಿಟ್‌ಗೆ ತಿರುಗಿಸಿದರೆ 28 ಕೋಟಿ ಯೂನಿಟ್ ಆಸುಪಾಸು ಬರುತ್ತದೆ. ಬೇಸಿಗೆಯಲ್ಲಿ ಇಡೀ ಕರ್ನಾಟಕ ಒಂದು ದಿನಕ್ಕೆ ಉರಿಸುವಷ್ಟು ಎನ್ನಬಹುದು. ಇಂಥವು ದಿನಕ್ಕೆ ಹಲವು ಸಲ ಆಗುವುದುಂಟು. ಧ್ರುವಗಳ ಕಡೆಯ ಊರುಗಳಲ್ಲಿ ಶಾಂತವಾಗಿ ಹಸಿರು ಪಟ್ಟಿಯಂತಿದ್ದ ಧ್ರುವಪ್ರಭೆ ಇದ್ದಕ್ಕಿದ್ದಂತೆ ಕುಣಿಯತೊಡಗಿದರೆ, ಹಿಂದೆ ಎಲ್ಲೋ ಬಾಲದಲ್ಲಿ ಹಾಳೆ ಹರಿದಿದೆ ಎಂದು ತಿಳಿಯಬಹುದು.

ಈ ಹರಿಯುವಿಕೆ ಎಲ್ಲಿಂದ ಶುರುವಾಗುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ದಶಕಗಟ್ಟಲೆ ಜಗಳ ನಡೆಯಿತು. ಭೂಮಿಗೆ ಹತ್ತಿರ, ಸುಮಾರು 60 ಸಾವಿರ ಕಿ.ಮೀ. ದೂರದಲ್ಲಿ ಹಾಳೆ ಕೆಡುತ್ತದೆ, ಆಮೇಲೆ ಅದು ದೂರಕ್ಕೆ ಹಬ್ಬುತ್ತದೆ ಎಂಬುದು ಒಂದು ಪಕ್ಷ. ಇಲ್ಲ, ದೂರದಲ್ಲಿ ಮೊದಲು ಮರುಜೋಡಣೆ, ಆಮೇಲೆ ಹತ್ತಿರ ಎಂಬುದು ಇನ್ನೊಂದು ಪಕ್ಷ. ತೀರ್ಮಾನ ಮಾಡಲು ಅಮೆರಿಕದ ನಾಸಾ 2007ರ ಫೆಬ್ರವರಿ 17ಕ್ಕೆ ಒಂದೇ ರಾಕೆಟ್ಟಿನಲ್ಲಿ ಐದು ಉಪಗ್ರಹ ಹಾರಿಸಿತು. ಹೆಸರು ಥೆಮಿಸ್. ಗ್ರೀಕರ ನ್ಯಾಯದೇವತೆಯ ಹೆಸರು, ಎರಡು ಪಕ್ಷಗಳ ವ್ಯಾಜ್ಯಕ್ಕೆ ಸರಿಯಾದ ಹೆಸರೇ. ಮರುವರ್ಷ ಫೆಬ್ರವರಿ 26ರಂದು ಐದೂ ಬಾಲದ ಉದ್ದಕ್ಕೆ ಸಾಲಾಗಿ ನಿಂತಿದ್ದಾಗ ಒಂದು ಕಿರುಬಿರುಗಾಳಿ ಸಿಕ್ಕಿಬಿತ್ತು. ಮೊದಲು ಸುಮಾರು 1 ಲಕ್ಷ 28 ಸಾವಿರ ಕಿ.ಮೀ. ದೂರದಲ್ಲಿ ಮರುಜೋಡಣೆ, ಒಂದೂವರೆ ನಿಮಿಷದ ಮೇಲೆ ಧ್ರುವಪ್ರಭೆ ಉಜ್ವಲ, ಮೂರು ನಿಮಿಷಕ್ಕೆ ಭೂಮಿಯ ಹತ್ತಿರದ ಹಾಳೆಯಲ್ಲಿ ಕಲಕಾಟ. ಚಂದ್ರನ ದಾರಿಯ ಮೂರನೇ ಒಂದು ಪಾಲಿನ ದೂರದಲ್ಲಿ ಕಿಡಿ ಹೊತ್ತಿತ್ತು. ಎರಡನೆಯ ಪಕ್ಷ ಗೆದ್ದಿತು ಎಂದು ಅಂದು ಬರೆದರು. ಸೋತವರು ಮೇಲ್ಮನವಿ ಹಾಕುವುದನ್ನು ಬಿಟ್ಟಿಲ್ಲ. ವಿಜ್ಞಾನದ ಕೋರ್ಟಿನಲ್ಲಿ ಅದಕ್ಕೆ ಅವಧಿ ಇಲ್ಲ. ಆ ಐದರಲ್ಲಿ ಎರಡನ್ನು ಚಂದ್ರನ ಕಡೆಗೆ ಕಳಿಸಿದರು. 2011ರಿಂದ ಅವು ಚಂದ್ರನನ್ನು ಸುತ್ತತೊಡಗಿ, ಪ್ರತಿ ಹುಣ್ಣಿಮೆಗೆ ಅವನ ಜೊತೆಗೇ ಬಾಲವನ್ನು ಹೊಕ್ಕು ಹೊರಬರುವುದು ರೂಢಿಯಾಯಿತು.

ಐದೇಕೆ ಬೇಕು, ಒಂದು ಸಾಲದೇ? ಹಾವೇರಿ ಸ್ಟೇಷನ್ನಿನಲ್ಲಿ ನಿಂತ ರೈಲಿನಲ್ಲಿ ಕೂತು ಕಿಟಕಿಯಿಂದ ನೋಡಿ. ಪಕ್ಕದ ಹಳಿಯ ರೈಲು ಜರುಗಿದರೆ ನಮ್ಮದೇ ಹೊರಟಿತು ಎನ್ನಿಸುತ್ತದೆ. ಬಾಲ ಗಾಳಿಗೆ ಹಾರುವ ಧ್ವಜದಂತೆ ಬಡಿದುಕೊಳ್ಳುತ್ತಿರುತ್ತದೆ. ಒಂಟಿ ಉಪಗ್ರಹಕ್ಕೆ ಹಾಳೆ ತೆಳುವಾಯಿತೋ, ಇಲ್ಲಾ ಹಾಳೆಯೇ ಜೋರಾಗಿ ಅಲ್ಲಾಡಿ ತನ್ನನ್ನು ದಾಟಿ ಹೋಯಿತೋ ಗೊತ್ತಾಗುವುದಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಇದ್ದರೆ ಲೆಕ್ಕ ಸಿಗುತ್ತದೆ. ಯುರೋಪಿನವರು 2000ದಲ್ಲಿ ಹೀಗೆ ನಾಲ್ಕನ್ನು ಹಾರಿಸಿ ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ ಎಂದು ಕುಣಿತದ ಹೆಸರಿಟ್ಟರು. ಹಾಳೆಯ ದಪ್ಪವನ್ನು ನೆಚ್ಚಿಕೆಯಿಂದ ಅಳೆಯಲು ದಾರಿಯಾದದ್ದು ಅವುಗಳಿಂದ. ಸಾಲ್ಸಾ 2024ರ ಸೆಪ್ಟೆಂಬರ್ 8ಕ್ಕೆ ವಾತಾವರಣಕ್ಕೆ ಮರಳಿ ಉರಿದು ಹೋಯಿತು. 2015ರಲ್ಲಿ ನಾಸಾ ಹಾರಿಸಿದ ಎಂಎಂಎಸ್ ಎಂಬ ಇನ್ನೊಂದು ನಾಲ್ವರ ಗುಂಪು ಇನ್ನೂ ಹತ್ತಿರ ಹತ್ತಿರ ಹಾರುತ್ತದೆ. 2017ರ ಜುಲೈ 11ರಂದು ಎಲೆಕ್ಟ್ರಾನುಗಳು ಮೇಟಿ ಬಿಡುವ ಜಾಗವನ್ನೇ ಅದು ಬಾಲದೊಳಗೆ ಹಾಯ್ದು ಬಂತು.

ಇದೆಲ್ಲ ನಮಗೇಕೆ? ನನ್ನ ಗೆಳೆಯರೊಬ್ಬರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು, ಹೀಗೆಯೇ ಕೇಳಿದರು. ಅವರ ಅಂಗಡಿಯ ಮಾಳಿಗೆಯ ಮೇಲೆಯೇ ಉತ್ತರ ಇದೆ: ಟಿ.ವಿ.ಯ ಡಿಶ್. ಅದು ಮುಖ ಮಾಡಿರುವುದು 36 ಸಾವಿರ ಕಿ.ಮೀ. ಮೇಲಿನ ಉಪಗ್ರಹಕ್ಕೆ. ನಮ್ಮ ದೇಶದ ಅಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಹಾಳೆ ಹರಿದಾಗ ಭೂಮಿಯ ಕಡೆ ಚಿಮ್ಮುವ ಬಿಸಿ ಎಲೆಕ್ಟ್ರಾನುಗಳು ಬಂದು ನುಗ್ಗುವುದು ಸರಿಯಾಗಿ ಈ ಎತ್ತರಕ್ಕೇ, ಅದೂ ನಡುರಾತ್ರಿಯಿಂದ ಬೆಳಗಿನ ಜಾವದ ಕಡೆಗೆ. ಉಪಗ್ರಹದ ಮೈಮೇಲೆ ಆವೇಶ ಕೂಡುತ್ತಾ ಹೋಗಿ ಕಿಡಿ ಹಾರಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಕೆಡಬಹುದು. 2010ರ ಏಪ್ರಿಲ್ 5ರಂದು ಬಾಲದಲ್ಲಿ ಭಾರಿ ಕಿರುಬಿರುಗಾಳಿ ಎದ್ದಿತ್ತು. ಅದೇ ದಿನ ಗ್ಯಾಲಕ್ಸಿ-15 ಎಂಬ ಅಮೆರಿಕದ ಟಿ.ವಿ. ಉಪಗ್ರಹ ನೆಲದಿಂದ ಕಳಿಸಿದ ಆಜ್ಞೆ ಕೇಳುವುದನ್ನು ನಿಲ್ಲಿಸಿತು. ಪ್ರಸಾರದ ಯಂತ್ರ ಮಾತ್ರ ಚಾಲೂ. ತನ್ನ ಜಾಗ ಬಿಟ್ಟು ಅಲೆಯುತ್ತಾ ನೆರೆಯ ಉಪಗ್ರಹಗಳಿಗೆ ತಲೆನೋವಾಗಿ, ಕೊನೆಗೆ ಡಿಸೆಂಬರಿನಲ್ಲಿ ಬುದ್ಧಿ ಬಂದು ಮಾತು ಕೇಳಿತು. ಒಳಗೆ ಹಾರಿದ ಕಿಡಿಯೇ ಕಾರಣವಿರಬೇಕು ಎಂದು ಎಂಜಿನಿಯರುಗಳ ಅಂದಾಜು.

ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬಂದ ಹೊಸದರಲ್ಲಿ ಎಷ್ಟೋ ಹಳ್ಳಿ ಬ್ರಾಂಚುಗಳ ಮಾಳಿಗೆಯ ಮೇಲೂ ಇಂಥ ಡಿಶ್ ಇತ್ತು. “ಲಿಂಕ್ ಇಲ್ಲ, ನಾಳೆ ಬರ್ರಿ” ಎಂಬ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ಅದಕ್ಕೆಲ್ಲ ಭೂಮಿಯ ಬಾಲವೇ ಕಾರಣ ಎಂದು ನಾನು ಹೇಳಲಾರೆ. ನಮ್ಮ ಬ್ರಾಂಚಿನಲ್ಲಿ ಬಹುತೇಕ ಸಲ ಇಲಿ ಕೇಬಲ್ ಕಡಿದಿರುತ್ತಿತ್ತು. ಆದರೆ ಪಿಂಚಣಿಯ ದುಡ್ಡಿಗೆಂದು ಹತ್ತು ಮೈಲಿ ನಡೆದು ಬಂದ ಮುದುಕಿಯೊಬ್ಬಳ ಕೆಲಸ ಆಕಾಶದ ಉಪಗ್ರಹದ ಆರೋಗ್ಯಕ್ಕೆ ಗಂಟುಬಿದ್ದಿದ್ದನ್ನು ನಾನು ಕೌಂಟರಿನಲ್ಲಿ ಕೂತು ದಿನಾ ನೋಡಿದ್ದೇನೆ. ಅದಕ್ಕೇ ಈ ವಿಷಯ ನನಗೆ ದೂರದ್ದು ಎನ್ನಿಸುವುದಿಲ್ಲ.

ನೆಲದ ಮೇಲೂ ಪೆಟ್ಟು ಬೀಳುತ್ತದೆ. 1989ರ ಮಾರ್ಚ್ 13ರ ರಾತ್ರಿ 2 ಗಂಟೆ 44 ನಿಮಿಷಕ್ಕೆ, ದೊಡ್ಡ ಸೌರ ಬಿರುಗಾಳಿಯ ನಡುವೆ ಧ್ರುವದ ಕಡೆಯ ಆಕಾಶದಲ್ಲಿ ಪ್ರವಾಹ ದಿಢೀರನೆ ಏರಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿಯಿತು. 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ. ಆ ಕಾಲಕ್ಕೆ ನಮ್ಮಲ್ಲಿ ಒಂಬತ್ತು ತಾಸು ಕರೆಂಟ್ ಹೋಗುವುದು ಪೇಪರಿನಲ್ಲಿ ಬರುವ ಸುದ್ದಿಯಾಗಿರಲಿಲ್ಲ ಎಂಬುದು ಬೇರೆ ಮಾತು. ನಾವು ಧ್ರುವದಿಂದ ದೂರ ಇರುವುದರಿಂದ ಇಷ್ಟು ಜೋರಿನ ಏಟು ನಮಗೆ ಬೀಳುವುದಿಲ್ಲ. ಆದರೂ 2024ರ ಮೇ 10-11ರ ರಾತ್ರಿಯ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶವೇ ಕೆಂಪಾಯಿತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಅದನ್ನು ಹಿಡಿದವು. ಇನ್ನೂರು ಕಿ.ಮೀ.ಗೂ ಎತ್ತರದಲ್ಲಿರುವ ಆಮ್ಲಜನಕದ ಪರಮಾಣುಗಳು ಬೆಳಗುವ ಬಣ್ಣ ಅದು. ಫೋಟೋ ನೋಡಿದ ನನ್ನ ಗೆಳೆಯರು, “ನಮ್ಮ ಕಡ್ಡಿಗಾಯಿ ಬಣ್ಣಾನ ಐತಲ್ರೀ” ಎಂದರು. ಬ್ಯಾಡಗಿಯವರಿಗೆ ಯಾವ ಕೆಂಪೂ ಮೆಣಸಿನಕಾಯಿಯದ್ದೇ.

ಮುನ್ಸೂಚನೆ ಕೊಡಲು ನಮ್ಮ ಆದಿತ್ಯ-ಎಲ್1 ಇದೆ. 2023ರ ಸೆಪ್ಟೆಂಬರ್ 2ಕ್ಕೆ ಹೊರಟು, 2024ರ ಜನವರಿ 6ಕ್ಕೆ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ಆರು ಮೀಟರ್ ಉದ್ದದ ತೋಳು ಚಾಚಿ, ಬೆಂಗಳೂರಿನಲ್ಲೇ ಮಾಡಿದ ಕಾಂತಮಾಪಕಗಳಿಂದ, ಬರುವ ಗಾಳಿಯ ಕಾಂತದಿಕ್ಕು ಉತ್ತರವೋ ದಕ್ಷಿಣವೋ ನೋಡುತ್ತದೆ. ದಕ್ಷಿಣ ಎಂದರೆ ಬಾಲದಲ್ಲಿ ಜಮಾ ಶುರು ಎಂದೇ ಲೆಕ್ಕ. ಹಾಳೆ ಯಾವ ನಿಮಿಷಕ್ಕೆ ಹರಿಯುತ್ತದೆ ಎಂದು ಹೇಳುವುದು ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ದೊಡ್ಡವರಾಗಿ ಹಿಡಿಯಬಹುದಾದ ಕೆಲಸ ಅದು.

ಈ ವಾರದ ಲೆಕ್ಕ: ಸೌರಮಾರುತ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬಂದರೆ ಆದಿತ್ಯ-ಎಲ್1ನಿಂದ ಭೂಮಿಗೆ ಎಷ್ಟು ನಿಮಿಷ? ಬಿರುಗಾಳಿಯ ದಿನ ಅದು 800 ಕಿ.ಮೀ. ವೇಗದಲ್ಲಿ ಬಂದರೆ ಹಾಸನದವರಿಗೆ ಉಳಿಯುವ ಸಮಯ ಎಷ್ಟು? ಉತ್ತರವನ್ನು ಪೋಸ್ಟ್ ಕಾರ್ಡಿನಲ್ಲೇ ಬರೆಯಿರಿ, ಭಾಗಾಕಾರವನ್ನು ಮೊಬೈಲಿನಲ್ಲಿ ಮಾಡದೆ ಕೈಯಲ್ಲೇ ಮಾಡಿ.